ಬೆತ್ತ ಹೋದ ಮೇಲೆ: ನಲವತ್ತು ನಿಮಿಷದ ಲೆಕ್ಕ

ಎಂಟನೇ ತರಗತಿ, ಊಟದ ನಂತರದ ಮೊದಲ ಪಿರಿಯಡ್. ಮೇಷ್ಟ್ರು "ಪುಸ್ತಕ ತೆಗೀರಿ" ಅಂದದ್ದಕ್ಕೂ ಕೊನೆಯ ಬೆಂಚಿನ ಹುಡುಗನ ಪುಸ್ತಕ ನಿಜವಾಗಿ ತೆರೆದದ್ದಕ್ಕೂ ನಡುವೆ ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಿದವರು ಕಡಿಮೆ. ಹಾಜರಿ, ಹೋಂವರ್ಕ್ ಮಾಡದವರ ವಿಚಾರಣೆ, ಡಸ್ಟರ್ ತರಲು ಹೋದವನಿಗಾಗಿ ಕಾಯುವುದು, ಅಷ್ಟರಲ್ಲಿ ಆಫೀಸಿನಿಂದ ಸಹಿಗೆ ಬಂದ ಸುತ್ತೋಲೆ. ಎಂಟು ನಿಮಿಷ ಹೋದದ್ದೇ ಗೊತ್ತಾಗುವುದಿಲ್ಲ. 40 ನಿಮಿಷದ ಪಿರಿಯಡ್‌ನಲ್ಲಿ ಅದು ಐದರಲ್ಲೊಂದು ಪಾಲು. ಆರರಿಂದ ಎಂಟನೇ ತರಗತಿಗೆ ಶಿಕ್ಷಣ ಹಕ್ಕು ಕಾಯ್ದೆ ಕೇಳುವುದು ವರ್ಷಕ್ಕೆ ಕನಿಷ್ಠ 220 ಬೋಧನಾ ದಿನ. ಪ್ರತಿ ಪಿರಿಯಡ್‌ನಲ್ಲೂ ಇದೇ ಕಥೆಯಾದರೆ 44 ದಿನ ಹೊಸ್ತಿಲಲ್ಲೇ ಸೋರಿಹೋದಂತೆ. ತರಗತಿಯ ಗದ್ದಲ ಬಹುಮಟ್ಟಿಗೆ ಹುಟ್ಟುವುದೂ ಈ ಸೋರಿಕೆಯಲ್ಲೇ: ಮಾಡಲು ಕೆಲಸವಿಲ್ಲದ, ಅಥವಾ ಕೊಟ್ಟ ಕೆಲಸ ಕೈಗೆಟುಕದ ನಿಮಿಷಗಳಲ್ಲಿ.

ಶಿಸ್ತಿನ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಮಾತ್ರ ಇನ್ನೂ ಬೆತ್ತದ ಸುತ್ತಲೇ ಗಿರಕಿ ಹೊಡೆಯುತ್ತಿದೆ. "ದಂಡಂ ದಶಗುಣಂ" ಎಂದು ನಂಬಿದ ತಲೆಮಾರು ಕೂಲಿಮಠದ ಐಗಳಿಂದ ಹಿಡಿದು ಮೊನ್ನೆ ಮೊನ್ನೆಯವರೆಗೂ ಇತ್ತು, "ಹೊಡೆಯೋ ಹಾಗಿಲ್ಲ, ಫೇಲ್ ಮಾಡೋ ಹಾಗಿಲ್ಲ, ಇನ್ನು ಪಾಠ ಹೇಗೆ ಮಾಡೋದು?" ಎಂಬ ಮಾತು ಸ್ಟಾಫ್ ರೂಮುಗಳಲ್ಲಿ ಈಗಲೂ ಕೇಳುತ್ತದೆ. ಕಾನೂನಿನ ಮಟ್ಟಿಗೆ ಗೊಂದಲವಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬಸ್ಕಿ, ಮೊಣಕಾಲೂರಿಸುವುದು, ತರಗತಿಯ ಎದುರು "ಎಮ್ಮೆ", "ದಡ್ಡ" ಅನ್ನುವುದು ಎಲ್ಲವೂ ಅದರೊಳಗೇ ಬರುತ್ತವೆ. ಆ ಕಾಯ್ದೆ 6ರಿಂದ 14 ವರ್ಷದವರಿಗೆ. ಒಂಬತ್ತು, ಹತ್ತನೇ ತರಗತಿಯ ದೊಡ್ಡ ಮಕ್ಕಳಿಗೆ ಅನ್ವಯಿಸದು ಎಂದು ಯಾರಾದರೂ ಸಮಾಧಾನ ಪಟ್ಟುಕೊಂಡರೆ, ಮಕ್ಕಳ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ವಿಧಿಸುವ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ 18 ತುಂಬದ ಎಲ್ಲರಿಗೂ ಇದೆ.

ಬೆತ್ತವೇನೋ ಹೋಯಿತು. ಅದರ ಜಾಗಕ್ಕೆ ಬಂದದ್ದೇನು? ಹೆಚ್ಚಿನ ಕಡೆ ಬಂದದ್ದು ಮೂರು ಬೆದರಿಕೆ. ಒಂದು, "ಇಂಟರ್ನಲ್ ಮಾರ್ಕ್ಸ್ ಕಟ್ ಮಾಡ್ತೀನಿ." ಎಸ್ಸೆಸ್ಸೆಲ್ಸಿಯಲ್ಲಿ ವಿಷಯಕ್ಕೆ 20, ಪ್ರಥಮ ಭಾಷೆಗೆ 25 ಆಂತರಿಕ ಅಂಕಗಳು ಶಾಲೆಯ ಕೈಯಲ್ಲಿವೆ, ನಿಜ. ಆದರೆ ಅದನ್ನು ಕತ್ತರಿಸಿದರೆ ಬೀಳುವುದು ಶಾಲೆಯ ಫಲಿತಾಂಶವೇ. ಹಿಂದಿನ ವರ್ಷದ ಅಣ್ಣಂದಿರನ್ನು ಕೇಳಿ ಮಕ್ಕಳೂ ಇದನ್ನು ತಿಳಿದುಕೊಂಡಿರುತ್ತಾರೆ. ಎರಡನೆಯದು, "ಅಪ್ಪನ್ನ ಕರ್ಕೊಂಡ್ ಬಾ." ಕೂಲಿ ಬಿಟ್ಟು ಬಂದ ಅಪ್ಪ ನಾಲ್ಕು ಜನರ ಮುಂದೆ ಮಾತು ಕೇಳಿಸಿಕೊಂಡು, ಸಂಜೆ ಮನೆಯಲ್ಲಿ ಅದನ್ನು ಬಡ್ಡಿ ಸಮೇತ ತೀರಿಸುತ್ತಾನೆ. ಬೆತ್ತ ವಿಳಾಸ ಬದಲಿಸಿತು, ಅಷ್ಟೆ. ಮೂರನೆಯದು ಕ್ಲಾಸ್ ಲೀಡರ್ ಬೋರ್ಡಿನ ಮೇಲೆ ಬರೆಯುವ "ಮಾತಾಡಿದವರ ಪಟ್ಟಿ". ಲೀಡರ್‌ನ ಗೆಳೆಯರ ಹೆಸರು ಆ ಪಟ್ಟಿಯಲ್ಲಿ ಎಂದೂ ಇರುವುದಿಲ್ಲ. ಇನ್ನೊಂದು ಐದಾರು ಹೆಸರು ಎಂದೂ ತಪ್ಪುವುದಿಲ್ಲ. ನ್ಯಾಯವಿಲ್ಲದ ಕಡೆ ಶಿಸ್ತು ನಿಲ್ಲದು ಎಂಬುದನ್ನು ಹದಿಮೂರರ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಈ ಮೂರಕ್ಕೂ ಒಂದೇ ದೋಷ: ಎಲ್ಲವೂ ತಪ್ಪು ನಡೆದ ಮೇಲಿನ ಮದ್ದು. ಜೇಕಬ್ ಕೂನಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತರಗತಿಗಳ ವಿಡಿಯೊ ಚಿತ್ರೀಕರಿಸಿ, ಸುಸೂತ್ರವಾಗಿ ನಡೆಯುವ ತರಗತಿಗೂ ಗದ್ದಲದ ತರಗತಿಗೂ ಶಿಕ್ಷಕರ ನಡೆಯಲ್ಲಿ ಏನು ವ್ಯತ್ಯಾಸವೆಂದು ಹುಡುಕಿ 1970ರಲ್ಲಿ ಪ್ರಕಟಿಸಿದರು. ತಪ್ಪು ನಡೆದ ಮೇಲೆ ಶಿಕ್ಷಕರು ಗದರಿದರೋ, ಮೃದುವಾಗಿ ಹೇಳಿದರೋ ಎಂಬುದರಲ್ಲಿ ವ್ಯತ್ಯಾಸ ಸಿಗಲೇ ಇಲ್ಲ. ಸಿಕ್ಕದ್ದು ಅದಕ್ಕೂ ಮುಂಚಿನ ಸಂಗತಿಗಳಲ್ಲಿ: ಶಿಕ್ಷಕರಿಗೆ ಕೋಣೆಯ ಎಲ್ಲ ಮೂಲೆಯ ಮೇಲೂ ಕಣ್ಣಿದೆ ಎಂದು ಮಕ್ಕಳಿಗೆ ಅನಿಸುತ್ತಿತ್ತೇ, ಒಂದು ಕೆಲಸದಿಂದ ಇನ್ನೊಂದಕ್ಕೆ ತರಗತಿ ತೊಡಕಿಲ್ಲದೆ ಸಾಗುತ್ತಿತ್ತೇ, ಒಬ್ಬನ ನೋಟ್ಸ್ ತಿದ್ದುತ್ತಲೇ ಉಳಿದವರನ್ನು ಕೆಲಸದಲ್ಲಿ ಇಡುವುದು ಅವರಿಗೆ ಸಾಧ್ಯವಿತ್ತೇ. ಗದ್ದಲ ಅಡಗಿಸುವ ಕಲೆಗಿಂತ ಗದ್ದಲಕ್ಕೆ ಜಾಗವೇ ಇಲ್ಲದಂತೆ ಪಿರಿಯಡ್ ಹೆಣೆಯುವ ಕಲೆ ಬೇರೆ. ನಮ್ಮ ತರಬೇತಿಗಳಲ್ಲಿ ಮೊದಲನೆಯದರ ಬಗ್ಗೆ ಉಪದೇಶ ಸಿಗುತ್ತದೆ, ಎರಡನೆಯದರ ಬಗ್ಗೆ ಅಭ್ಯಾಸ ಸಿಗುವುದಿಲ್ಲ.

ಮೊದಲ ಐದು ನಿಮಿಷ

ಮಕ್ಕಳು ಕೂರುವ ಮುಂಚೆಯೇ ಬೋರ್ಡಿನ ಮೇಲೆ ಕೆಲಸ ಇರಬೇಕು. ಮೂರು ಪ್ರಶ್ನೆ ಸಾಕು: ಒಂದು ನಿನ್ನೆಯ ಪಾಠದ್ದು, ಒಂದು ಹೋದ ವಾರದ್ದು, ಒಂದು ಇಂದಿನ ಪಾಠಕ್ಕೆ ಬೇಕಾದ ಹಳೆಯ ವಿಷಯದ್ದು. ಮೊದಲ ಪ್ರಶ್ನೆ ತರಗತಿಯ ಅತ್ಯಂತ ಹಿಂದಿರುವ ಮಗುವಿಗೂ ಬರುವಂಥದ್ದಾಗಿರಬೇಕು. ಈ ಒಂದು ನಿಯಮ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಬರೆಯಲು ನಾಲ್ಕು ನಿಮಿಷ, ಉತ್ತರ ನೋಡಲು ಒಂದೂವರೆ ನಿಮಿಷ. ಆ ನಾಲ್ಕು ನಿಮಿಷದಲ್ಲಿ ಶಿಕ್ಷಕರು ಕಣ್ಣಲ್ಲೇ ಹಾಜರಿ ಮುಗಿಸಬಹುದು. ಹೆಸರು ಕರೆದು "ಪ್ರೆಸೆಂಟ್ ಸಾರ್" ಹೇಳಿಸುವ ಪದ್ಧತಿ 50 ಮಕ್ಕಳಿದ್ದಲ್ಲಿ ಎರಡು ಮೂರು ನಿಮಿಷ ತಿನ್ನುತ್ತದೆ. ಹೋಂವರ್ಕ್ ವಿಚಾರಣೆಯನ್ನು ಪಿರಿಯಡ್‌ನ ಆರಂಭದಿಂದ ತೆಗೆದೇ ಹಾಕಿ. ಇಡೀ ತರಗತಿ ಕಾಯುತ್ತಾ ಕೂತಿರುವಾಗ ನಾಲ್ವರನ್ನು ನಿಲ್ಲಿಸಿ ಬೈಯುವುದೆಂದರೆ ಉಳಿದ 46 ಮಂದಿಗೆ ಬಿಡುವು ಕೊಟ್ಟಂತೆ.

ಕೆಡುವುದು ಎಲ್ಲಿ? ಎರಡು ವಾರ ಚೆನ್ನಾಗಿ ನಡೆದು, ಕಿರುಪರೀಕ್ಷೆಯೋ ಪ್ರತಿಭಾ ಕಾರಂಜಿಯೋ ಬಂದ ವಾರ ನಿಂತುಹೋಗುತ್ತದೆ. ಆಮೇಲೆ ಮತ್ತೆ ಆರಂಭವಾಗುವುದಿಲ್ಲ. ರೂಢಿ ಅನ್ನುವುದು ಜೂನ್‌ನ ಮೊದಲ ಹತ್ತು ದಿನ ಕೂರಬೇಕು. ಪಾಠದಷ್ಟೇ ಗಂಭೀರವಾಗಿ ಅದನ್ನು ಕಲಿಸಬೇಕು: ಗುಂಪಾಗಿ ಕೂರುವುದು ಹೇಗೆ, ನೋಟ್‌ಬುಕ್ ಕೊಡುವುದು ಯಾವ ಸಾಲಿನಿಂದ, ಶಿಕ್ಷಕರು ಕೈ ಎತ್ತಿದರೆ ಏನರ್ಥ. ಬಾಯಲ್ಲಿ ಹೇಳಿ ಬಿಟ್ಟರೆ ಆಗದು. ಮಾಡಿಸಿ, ಸಮಯ ಅಳೆದು, ತಪ್ಪಿದರೆ ಬೇಸರವಿಲ್ಲದೆ ಮತ್ತೆ ಮಾಡಿಸಬೇಕು. ಗುಂಪಾಗಲು ಮೊದಲ ದಿನ ಮೂರು ನಿಮಿಷ ಹಿಡಿದರೆ ಎಂಟನೆಯ ದಿನ 40 ಸೆಕೆಂಡಿಗೆ ಇಳಿಸಬಹುದು. ನಿಯಮ ಮೂರೋ ನಾಲ್ಕೋ ಇರಲಿ. ಗೋಡೆಗೆ ಅಂಟಿಸಿದ ಹದಿನೈದು ಅಂಶದ "ತರಗತಿಯ ನಿಯಮಗಳು" ಚಾರ್ಟ್ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಭೇಟಿಗೆ ಮಾತ್ರ ಉಪಯೋಗ.

ಇನ್ನು ಸೂಚನೆ ಕೊಡುವ ಕ್ರಮ. ಏನು ಮಾಡಬೇಕು, ಎಷ್ಟು ಹೊತ್ತು, ಮಾತಾಡಬಹುದೇ, ಮುಗಿದವರು ಮುಂದೇನು ಮಾಡಬೇಕು. ಈ ನಾಲ್ಕನ್ನೂ ಹೇಳಿ, ಒಬ್ಬರಿಂದ ತಿರುಗಿ ಹೇಳಿಸಿ, ಆಮೇಲೆ ಚೀಟಿಯೋ ನಕ್ಷೆಯೋ ಕಡ್ಡಿಗಳೋ ಹಂಚಬೇಕು. ಮೊದಲು ಹಂಚಿ ಆಮೇಲೆ ಹೇಳಹೊರಟರೆ ಕೈಯಲ್ಲಿರುವ ವಸ್ತುವಿನ ಎದುರು ಯಾವ ಶಿಕ್ಷಕರ ದನಿಯೂ ಗೆಲ್ಲದು. ನಾಲ್ಕನೆಯ ಅಂಶವನ್ನು ಎಲ್ಲರೂ ಮರೆಯುತ್ತಾರೆ. ಬೇಗ ಮುಗಿಸಿದ ಆರು ಜಾಣರು ಏನೂ ಕೆಲಸವಿಲ್ಲದೆ ತಿರುಗಿ ಕೂತರೆ, ಗದ್ದಲ ಶುರುವಾಗುವುದು ಅವರಿಂದಲೇ. ಬೈಗುಳ ತಿನ್ನುವವರು ಮಾತ್ರ ಬೇರೆಯವರು.

ಬರದ ಪಾಠದ ಎದುರು ಕೂತ ಮಗು

ಎಷ್ಟೇ ಒಳ್ಳೆಯ ರೂಢಿ ಕೂರಿಸಿದರೂ ದಾಟಲಾಗದ ಗೋಡೆಯೊಂದಿದೆ. ಮಕ್ಕಳ ಓದು, ಲೆಕ್ಕದ ಮಟ್ಟ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು ಅರ್ಧಕ್ಕಿಂತ ತುಸು ಕಡಿಮೆ. ಈ ಮಕ್ಕಳೇ ಮೂರು ವರ್ಷದ ನಂತರ ಎಂಟನೇ ತರಗತಿಯಲ್ಲಿ ಕೂತಿರುತ್ತಾರೆ; ಎದುರಿಗೆ ಬೀಜಗಣಿತ, ದ್ಯುತಿಸಂಶ್ಲೇಷಣೆ. ಆಂಗ್ಲ ಮಾಧ್ಯಮ ವಿಭಾಗವಾದರೆ ಭಾಷೆಯ ಇನ್ನೊಂದು ಗೋಡೆ. ದಿನಕ್ಕೆ ಏಳು ಪಿರಿಯಡ್ ಅರ್ಥವಾಗದ ಮಾತಿನ ಎದುರು ಕೂರಿಸಿದರೆ ಯಾವ ವಯಸ್ಕರು ಸುಮ್ಮನಿರುತ್ತಾರೆ? ಮಗುವಿಗೆ ಇರುವುದು ಎರಡೇ ದಾರಿ: ಮಂಕಾಗಿ ಕೂರುವುದು, ಇಲ್ಲವೇ ಕೀಟಲೆ. ಕೀಟಲೆಯ ಮಗುವಿನ ಬಗ್ಗೆ ದೂರು ಬರುತ್ತದೆ. ಮಂಕಾದ ಮಗುವನ್ನು "ಪಾಪದವಳು, ತೊಂದರೆ ಕೊಡಲ್ಲ" ಎಂದು ಹೊಗಳುತ್ತೇವೆ. ಕಲಿಕೆಯ ಲೆಕ್ಕದಲ್ಲಿ ಇಬ್ಬರ ಸ್ಥಿತಿಯೂ ಒಂದೇ.

ಈ ಅಂತರ ಅಳೆಯುವ ಸಾಧನ ನಮ್ಮ ಶಾಲೆಗಳಲ್ಲಿ ಈಗಾಗಲೇ ಇದೆ. ಹಿಂದಿನ ತರಗತಿಯ ಕಲಿಕೆ ಸರಿಪಡಿಸಲು ವರ್ಷಾರಂಭದಲ್ಲಿ ನಡೆಸುವ ಸೇತುಬಂಧದಲ್ಲಿ ಪೂರ್ವ ಪರೀಕ್ಷೆ ಮಾಡಿ ಯಾವ ಮಗು ಯಾವ ಸಾಮರ್ಥ್ಯದಲ್ಲಿ ಹಿಂದಿದೆ ಎಂದು ನಮೂದಿಸುತ್ತೇವೆ. ತೊಂದರೆ ಏನೆಂದರೆ ಆ ಪಟ್ಟಿ ಜುಲೈಯಲ್ಲಿ ಫೈಲು ಸೇರುತ್ತದೆ. ಅದನ್ನು ಒಂದು ಹಾಳೆಗೆ ಇಳಿಸಿ ಮೇಜಿನ ಗಾಜಿನಡಿ ಇಟ್ಟುಕೊಂಡು, ಪ್ರತಿ ಪಾಠದಲ್ಲೂ ಕೆಲಸವನ್ನು ಮೂರು ಮೆಟ್ಟಿಲಾಗಿ ಕೊಡುವುದು ಸಾಧ್ಯ. ಭಿನ್ನರಾಶಿಯ ಪಾಠದಲ್ಲಿ ಮೊದಲ ಮೆಟ್ಟಿಲಿನವರು ಚಿತ್ರ ನೋಡಿ ಭಾಗ ಬರೆಯಲಿ, ಎರಡನೆಯವರು ಒಂದೇ ಛೇದದವನ್ನು ಕೂಡಲಿ, ಮೂರನೆಯವರು ಬೇರೆ ಛೇದದವನ್ನು. ಪಾಠ ಒಂದೇ, ಬೋರ್ಡು ಒಂದೇ. ಮೊದಲ ಮೆಟ್ಟಿಲಿನವನು ಮೂರು ಲೆಕ್ಕ ಸರಿ ಮಾಡಿದ ದಿನವೇ ಎರಡನೆಯದಕ್ಕೆ ಏರಬೇಕು. ಗುಂಪು ಗಟ್ಟಿಯಾಗಿ ಹೆಪ್ಪುಗಟ್ಟಿದರೆ ಅದೇ ಹೊಸ "ದಡ್ಡರ ಬೆಂಚು" ಆಗುತ್ತದೆ.

1995ರ ಸುಮಾರಿಗೆ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಆರಂಭವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ, ಚಟುವಟಿಕೆಯ ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಜೀವಾಳವೂ ಇದೇ. ಮಗು ತನ್ನ ಕಲಿಕೆಯ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ, ಮುಂದಿನ ಕಾರ್ಡು ಯಾವುದೆಂದು ತಾನೇ ನೋಡಿ ಎತ್ತಿಕೊಳ್ಳುತ್ತದೆ, ಶಿಕ್ಷಕರು ಪೂರ್ತಿ ನೆರವು ಬೇಕಾದ ಗುಂಪಿನ ಜೊತೆ ಕೂರುತ್ತಾರೆ. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿದ್ದೂ, ಕಾರ್ಡುಗಳು ಸರಿಯಾಗಿ ಜೋಡಿಸಿಟ್ಟ ಕಡೆ, ಗದ್ದಲಕ್ಕಿಂತ ಗುಜುಗುಜು ಹೆಚ್ಚು. ನಾಲ್ಕನೇ ತರಗತಿಗೆ ಬಂದ ಕೂಡಲೇ ಅದೇ ಮಗುವನ್ನು ಸಾಲು ಬೆಂಚಿನಲ್ಲಿ ಕೂರಿಸಿ ಎಲ್ಲರಿಗೂ ಒಂದೇ ಪುಟ ತೆರೆಸುತ್ತೇವೆ. ನಲಿ-ಕಲಿಯಲ್ಲಿ ದೋಷಗಳಿಲ್ಲವೆಂದಲ್ಲ. ಕಾರ್ಡು ಕಳೆದರೆ ಏಣಿಯೇ ಮುರಿಯುತ್ತದೆ, ಗೆಳೆಯರ ನೆರವಿನ ಗುಂಪಿನಲ್ಲಿ ನಕಲು ನಡೆಯುತ್ತದೆ. ಆದರೂ ವರ್ತನೆಯ ಸಮಸ್ಯೆ ನಾಲ್ಕು, ಐದನೇ ತರಗತಿಯಲ್ಲಿ ದಿಢೀರನೆ ಕಾಣಿಸಿಕೊಳ್ಳುವುದಕ್ಕೆ ವಯಸ್ಸನ್ನಷ್ಟೇ ದೂರುವುದು ನ್ಯಾಯವಲ್ಲ.

ಪ್ರಶ್ನೆ, ಮೌನ, ಹೆಸರು

"ಅರ್ಥ ಆಯ್ತಾ?" "ಆಯ್ತು ಸಾರ್!" ಈ ಸಾಮೂಹಿಕ ಭಜನೆಯಿಂದ ಶಿಕ್ಷಕರಿಗೆ ಯಾವ ಮಾಹಿತಿಯೂ ಸಿಗುವುದಿಲ್ಲ. ಹೆಸರು ಮೊದಲು ಹೇಳಿ ಆಮೇಲೆ ಪ್ರಶ್ನೆ ಕೇಳಿದರೆ ಉಳಿದ 49 ಮಂದಿಗೆ ಯೋಚಿಸುವ ಅಗತ್ಯವೇ ಇರುವುದಿಲ್ಲ. ಪ್ರಶ್ನೆ ಮೊದಲು, ಮೌನ ಆಮೇಲೆ, ಹೆಸರು ಕೊನೆಗೆ. ಮೌನ ಎಷ್ಟು? 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಸಂಶೋಧಕಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ, ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸರಾಸರಿ ಒಂದೇ ಸೆಕೆಂಡ್ ಎಂದು ಕಂಡರು. ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಮೂರು ಸೆಕೆಂಡ್ ಬೋರ್ಡಿನ ಮುಂದೆ ನಿಂತವರಿಗೆ ಯುಗದಂತೆ ಅನಿಸುತ್ತದೆ. ಮನಸ್ಸಿನಲ್ಲೇ "ಒಂದು, ಎರಡು, ಮೂರು" ಎಣಿಸುವುದು ಬಿಟ್ಟು ಬೇರೆ ಉಪಾಯವಿಲ್ಲ. ಇನ್ನೂ ಒಳ್ಳೆಯದು ಸ್ಲೇಟು. ಎಲ್ಲರೂ ಉತ್ತರ ಬರೆದು ಒಟ್ಟಿಗೆ ಎತ್ತಿ ಹಿಡಿದರೆ ಐದು ಸೆಕೆಂಡಿನಲ್ಲಿ ಇಡೀ ತರಗತಿಯ ಸ್ಥಿತಿ ಕಣ್ಣೆದುರು. ಹೈಸ್ಕೂಲಿಗೆ ಬಂದವರಿಗೆ ಸ್ಲೇಟು ಅವಮಾನ ಅನಿಸಿದರೆ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ದೊಡ್ಡಕ್ಷರದಲ್ಲಿ ಬರೆದು ತೋರಿಸಲಿ.

ತಪ್ಪಿದಾಗ

ಇಷ್ಟಾದರೂ ತಪ್ಪುವವರು ಇರುತ್ತಾರೆ. ತಿದ್ದುವಿಕೆ ಸಣ್ಣದರಿಂದ ದೊಡ್ಡದಕ್ಕೆ ಹೋಗಬೇಕು, ಪಾಠ ನಿಲ್ಲಬಾರದು. ಮೊದಲು ನೋಟ. ಆಮೇಲೆ ಮಾತು ನಿಲ್ಲಿಸದೆ ಅವನ ಬೆಂಚಿನ ಪಕ್ಕಕ್ಕೆ ನಡೆದು ಹೋಗುವುದು. ಅರ್ಧಕ್ಕರ್ಧ ಇಲ್ಲೇ ಮುಗಿಯುತ್ತದೆ. ಆಮೇಲೆ ಬೆರಳಿಂದ ನೋಟ್‌ಬುಕ್ ತೋರಿಸುವುದು. ನಂತರ ಕಿವಿಗೆ ಮಾತ್ರ ಕೇಳುವಂತೆ ಎರಡು ವಾಕ್ಯ: "ಎರಡನೇ ಲೆಕ್ಕ ಮಾಡು. ಎರಡು ನಿಮಿಷಕ್ಕೆ ಬರ್ತೀನಿ." ಹೇಳಿ ಅಲ್ಲಿಂದ ಹೊರಟುಬಿಡಬೇಕು. ಪಕ್ಕದಲ್ಲೇ ನಿಂತು ದಿಟ್ಟಿಸಿದರೆ ಹದಿನಾಲ್ಕರ ಹುಡುಗನಿಗೆ ಗೆಳೆಯರೆದುರು ಸೋಲುವುದು ಸಾಧ್ಯವಿಲ್ಲ, ಪೆನ್ನು ಎತ್ತಿಕೊಳ್ಳಲು ಅವನ ಮಾನಕ್ಕೆ ಒಂದಿಷ್ಟು ಜಾಗ ಬೇಕು. ಎರಡು ನಿಮಿಷಕ್ಕೆ ಬರುತ್ತೇನೆ ಎಂದ ಮೇಲೆ ಬರಲೇಬೇಕು. ಮಾತು ತಪ್ಪಿದ ಶಿಕ್ಷಕರ ಮುಂದಿನ ಎಚ್ಚರಿಕೆಗೆ ಕಿಮ್ಮತ್ತಿಲ್ಲ.

ಎಲ್ಲರ ಮುಂದೆ ಗದರುವುದು ಯಾಕೆ ಕೆಲಸ ಮಾಡುವುದಿಲ್ಲವೆಂದರೆ, ಕೆಲವು ಮಕ್ಕಳಿಗೆ ದಿನವಿಡೀ ಸಿಗುವ ಏಕೈಕ ಗಮನ ಅದು. ಹೊರಗೆ ನಿಲ್ಲಿಸುವುದು ಇನ್ನೂ ಕೆಟ್ಟದ್ದು: ಬರದ ಗಣಿತದಿಂದ ತಪ್ಪಿಸಿಕೊಳ್ಳಬೇಕೆಂದೇ ಕೀಟಲೆ ಮಾಡಿದವನಿಗೆ ಅದು ಶಿಕ್ಷೆಯಲ್ಲ, ಬಹುಮಾನ. ಇಡೀ ತರಗತಿಗೆ ಒಟ್ಟಿಗೆ ಇಂಪೊಸಿಷನ್ ಕೊಟ್ಟರೆ ತಪ್ಪು ಮಾಡದ 40 ಮಂದಿ ಶಿಕ್ಷಕರ ಎದುರು ಪಕ್ಷವಾಗುತ್ತಾರೆ.

ದಿನವೂ ತಪ್ಪುವ ಒಬ್ಬಿಬ್ಬರ ಬಗ್ಗೆ ಊಹೆ ಬಿಟ್ಟು ಲೆಕ್ಕ ಇಡಬೇಕು. ಎಂಟು ದಿನ, ಡೈರಿಯ ಒಂದು ಪುಟ, ನಾಲ್ಕು ಕಲಂ: ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ತರಗತಿಯಲ್ಲಿ ಏನು ನಡೆಯುತ್ತಿತ್ತು, ಅವನು ಏನು ಮಾಡಿದ, ಆಮೇಲೆ ಅವನಿಗೆ ಏನು ಸಿಕ್ಕಿತು. "ಗಲಾಟೆ ಮಾಡಿದ" ಎಂದಲ್ಲ, "ಪಕ್ಕದವನ ಪೆನ್ನು ಎಸೆದ" ಎಂದು ಬರೆಯಬೇಕು. ಎಂಟು ದಿನಕ್ಕೆ ಒಂದು ಜಾಡು ಸಿಗುತ್ತದೆ. ಓದಲು ಹೇಳುವ ಮುನ್ನವೇ ಪ್ರತಿ ಸಲ ನಡೆಯುತ್ತಿದ್ದರೆ ಅದು ಓದಿನ ಸಮಸ್ಯೆ. ಬೋರ್ಡಿನಿಂದ ಬರೆದುಕೊಳ್ಳುವಾಗ ಮಾತ್ರವಾದರೆ ಕಣ್ಣಿನ ತಪಾಸಣೆ ಮಾಡಿಸಿ. ಸೋಮವಾರ ಮಾತ್ರವಾದರೆ ಮನೆಯ ಭಾನುವಾರದ ಬಗ್ಗೆ ಮೆಲ್ಲನೆ ವಿಚಾರಿಸಬೇಕು. ಬೆಳಗಿನ ಹಾಲಿಗೆ ಮುಂಚೆ ಮಾತ್ರವಾದರೆ ಹಸಿವು. ಇಷ್ಟು ಸರಳ ಕಾರಣ ಇರಲಾರದು ಎನ್ನುವವರು ಒಮ್ಮೆ ಬರೆದು ನೋಡಲಿ.

ಸ್ಟಾರ್, ಚಪ್ಪಾಳೆ, ಜಾಣ

ಹುರುಪು ಮೂಡಿಸುವ ಹೆಸರಲ್ಲಿ ಸ್ಟಾರ್, ಸ್ಟಿಕ್ಕರ್, ಚಾಕೊಲೇಟ್ ಹಂಚುವುದು ಹೆಚ್ಚುತ್ತಿದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಸ್ಕೆಚ್ ಪೆನ್ನಿನಿಂದ ಚಿತ್ರ ಬರೆಯುವುದು ಮೊದಲೇ ಇಷ್ಟವಿದ್ದ ಮಕ್ಕಳಿಗೆ "ಬರೆದರೆ ಪ್ರಶಸ್ತಿ" ಎಂದು ಮುಂಚೆಯೇ ಹೇಳಿ ಕೊಟ್ಟರು. ಒಂದೆರಡು ವಾರದ ನಂತರ, ಪ್ರಶಸ್ತಿಯ ಮಾತಿಲ್ಲದಾಗ, ಆ ಮಕ್ಕಳು ಪೆನ್ನು ಮುಟ್ಟಿದ್ದು ಉಳಿದವರ ಅರ್ಧದಷ್ಟು ಹೊತ್ತು. ಹೇಳದೆ ಕೊಟ್ಟ ಪ್ರಶಸ್ತಿಯಿಂದ ಈ ನಷ್ಟವಾಗಲಿಲ್ಲ. ಆದ್ದರಿಂದ ಬಹುಮಾನವೇ ಬೇಡವೆಂದಲ್ಲ; ಮಗುವಿಗೆ ಎಳ್ಳಷ್ಟೂ ರುಚಿಯಿಲ್ಲದ ಕೆಲಸದ ಆರಂಭಕ್ಕೆ ಅದು ಒಂದು ತಳ್ಳು. ಇಷ್ಟಪಟ್ಟು ಓದುವ ಮಗುವಿಗೆ ಪುಸ್ತಕಕ್ಕೊಂದು ಚಾಕೊಲೇಟ್ ಕೊಡುವುದು ನಷ್ಟದ ವ್ಯಾಪಾರ.

ಗದ್ದಲ ತೀರಾ ಕೈಮೀರಿದ ತರಗತಿಗೆ 1969ರಲ್ಲಿ ಕ್ಯಾನ್ಸಸ್‌ನ ಸಂಶೋಧಕರು ನಾಲ್ಕನೇ ತರಗತಿಯಲ್ಲಿ ಪರೀಕ್ಷಿಸಿದ ತಂಡದಾಟ ಈಗಲೂ ಬಳಕೆಯಲ್ಲಿದೆ. ತರಗತಿಯನ್ನು ಎರಡು ತಂಡ ಮಾಡಿ, ನಿಯಮ ಮುರಿದಾಗಲೆಲ್ಲ ಆ ತಂಡಕ್ಕೊಂದು ಗೆರೆ. ಗೆರೆ ಕಡಿಮೆ ಇದ್ದವರು ಗೆದ್ದರು. ಎರಡೂ ತಂಡ ಮಿತಿಯೊಳಗಿದ್ದರೆ ಎರಡೂ ಗೆದ್ದಂತೆ. ಹತ್ತು ನಿಮಿಷದಿಂದ ಶುರುಮಾಡಿ, ಬಹುಮಾನಕ್ಕೆ ಐದು ನಿಮಿಷ ಬೇಗ ಆಟದ ಮೈದಾನ ಇಟ್ಟರೆ ಸಾಕು. ಬೇಕೆಂದೇ ತಂಡವನ್ನು ಸೋಲಿಸುವ ಒಬ್ಬ ಇದ್ದೇ ಇರುತ್ತಾನೆ. ಅವನನ್ನೇ ಒಂದು ತಂಡ ಮಾಡಿದರೆ ಉಳಿದವರ ಕೋಪ ಅವನ ಮೇಲೆ ತಿರುಗುವುದು ತಪ್ಪುತ್ತದೆ.

ಹೊಗಳಿಕೆ ಕೆಲಸದ ಬಗ್ಗೆ ಇರಲಿ, ಮಗುವಿನ ಜಾತಕದ ಬಗ್ಗೆ ಅಲ್ಲ. "ಜಾಣೆ ಕಣೇ ನೀನು" ಅನ್ನುವುದಕ್ಕಿಂತ "ಛೇದ ಸಮ ಮಾಡೋದನ್ನ ಈ ಸಲ ಮರೀಲಿಲ್ಲ ನೋಡು" ಅನ್ನುವುದರಲ್ಲಿ ಮುಂದಿನ ಸಲಕ್ಕೆ ದಾರಿ ಇದೆ.

ಮಗುವಿನ ಹುರುಪನ್ನು ಅರಿವಿಲ್ಲದೆ ಚಿವುಟುವ ಪದ್ಧತಿಯೂ ಒಂದಿದೆ. ವಿದ್ಯಾರ್ಥಿವೇತನದ ಅರ್ಜಿ ಬಂದಾಗ "ಎಸ್ಸಿ, ಎಸ್ಟಿ ಮಕ್ಕಳು ಎದ್ದು ನಿಲ್ಲಿ" ಅನ್ನುವುದು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳ ಆರು, ಏಳನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಚಕ್ರವ್ಯೂಹದ ಒಗಟು ಕೊಟ್ಟು ನೋಡಿದರು. ಜಾತಿ ಗೊತ್ತಿಲ್ಲದಾಗ ದಲಿತ ಹುಡುಗರೂ ಮೇಲ್ಜಾತಿಯ ಹುಡುಗರೂ ಹೆಚ್ಚುಕಡಿಮೆ ಸರಿಸಮ. ಎಲ್ಲರೆದುರು ಹೆಸರಿನ ಜೊತೆ ಜಾತಿಯನ್ನೂ ಓದಿ ಹೇಳಿದ ಮೇಲೆ ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಇಳಿಯಿತು. ಒಗಟು ಅದೇ, ಮಕ್ಕಳ ಬುದ್ಧಿಯೂ ಅದೇ. ಮಾಹಿತಿ ದಾಖಲಾತಿ ರಿಜಿಸ್ಟರಿನಲ್ಲೇ ಇರುವಾಗ ಅರ್ಜಿಗಳನ್ನು ಒಬ್ಬೊಬ್ಬರನ್ನೇ ಆಫೀಸಿಗೆ ಕರೆದು ಕೊಡಲು ಏನು ಕಷ್ಟ? ಬೆಂಚಿನ ಜಾಗವನ್ನೂ ಹದಿನೈದು ದಿನಕ್ಕೊಮ್ಮೆ ಸಾಲು ಸಾಲಾಗಿ ಸರಿಸಬೇಕು. ಮಕ್ಕಳ ಇಷ್ಟಕ್ಕೆ ಬಿಟ್ಟರೆ ಊರಿನ ಕೇರಿಗಳ ನಕ್ಷೆಯೇ ತರಗತಿಯಲ್ಲಿ ಮೂಡುತ್ತದೆ.

ಹತ್ತನೇ ತರಗತಿಯ ತೊಡಕು

ಎಸ್ಸೆಸ್ಸೆಲ್ಸಿಯ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ನೇರ ಕ್ಯಾಮೆರಾ ನಿಗಾ, ಬಂತು. ಕೃಪಾಂಕ ಹೆಚ್ಚಿಸಿದ ಮೇಲೂ ಅದು ಶೇ 73.40ಕ್ಕೆ ಇಳಿಯಿತು. ಅಲ್ಲಿಂದ ಎಲ್ಲೆಡೆ ಒತ್ತಡ: ಬೆಳಗಿನ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, "ಪಾಸಿಂಗ್ ಪ್ಯಾಕೇಜ್". ಪ್ಯಾಕೇಜ್ ಎಂಬುದು ಬಾಯಿಪಾಠ ಮಾಡಿದರೆ ಪಾಸಾಗುವಷ್ಟು ಪ್ರಶ್ನೆಗಳ ಗಂಟು. ಜನವರಿಯಲ್ಲಿ ಅದನ್ನು ಕೈಗಿಟ್ಟು "ಇಷ್ಟು ಮಾಡಿದ್ರೆ ಸಾಕು ನಿನಗೆ" ಎಂದಾಗ ಮಗುವಿಗೆ ಎರಡು ಸಂದೇಶ ಹೋಗುತ್ತವೆ: ಉಳಿದ ಪಾಠ ನಿನಗಲ್ಲ, ಉಳಿದ ಪಿರಿಯಡ್ ನಿನಗೆ ಕೆಲಸವಿಲ್ಲ. ಹತ್ತನೇ ತರಗತಿಯ ಹಿಂದಿನ ಬೆಂಚು ಫೆಬ್ರವರಿಯಲ್ಲಿ ಕೈಗೆ ಸಿಗದೆ ಹೋಗುವುದು ಇದರಿಂದಲೇ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬಂದಾಗ "ಇನ್ನೂ ಎರಡು ಚಾನ್ಸ್ ಇದೆ" ಎಂಬ ಉತ್ತರವೂ ಮಕ್ಕಳ ನಾಲಿಗೆ ತುದಿಗೆ ಬಂತು.

ಅದೇ ಪ್ಯಾಕೇಜನ್ನು ಜುಲೈಯಿಂದಲೇ ಬಿಡಿಸಿ ಕೊಟ್ಟರೆ ಅದರ ಗುಣ ಬದಲಾಗುತ್ತದೆ. ವಾರಕ್ಕೆ ಒಂದು ಚಿತ್ರ, ಒಂದು ಪ್ರಮೇಯ ಅಥವಾ ಒಂದು ಪದ್ಯ. ಸೋಮವಾರ ನೋಡಿ ಬರೆಯುವುದು, ಬುಧವಾರ ಅರ್ಧ ಮುಚ್ಚಿ ಬರೆಯುವುದು, ಶನಿವಾರ ಪೂರ್ತಿ ಮುಚ್ಚಿ, ಮೂರು ವಾರದ ನಂತರ ಬೋರ್ಡಿನ ಮೊದಲ ಮೂರು ಪ್ರಶ್ನೆಗಳಲ್ಲೊಂದಾಗಿ ಮತ್ತೊಮ್ಮೆ. ಎಷ್ಟು ಬಂದಿದೆ ಎಂಬ ಪಟ್ಟಿ ಮಗುವಿನ ನೋಟ್‌ಬುಕ್ಕಿನ ಒಳರಟ್ಟಿನಲ್ಲೇ ಇರಲಿ, ಗೋಡೆಯ ಮೇಲೆ ಬೇಡ. ಹತ್ತು ಟಿಕ್ ಬಿದ್ದ ಮೇಲೆ ಓದಿನ ಆಸಕ್ತಿಯ ಬಗ್ಗೆ ಭಾಷಣ ಬೇಕಾಗುವುದಿಲ್ಲ. ಆಸಕ್ತಿ ಬಂದ ಮೇಲೆ ಕಲಿಯುತ್ತಾರೆ ಎಂದು ಕಾಯುವವರು ಕಾಯುತ್ತಲೇ ಇರುತ್ತಾರೆ; ಮಕ್ಕಳ ವಿಷಯದಲ್ಲಿ ಹೆಚ್ಚಾಗಿ ನಡೆಯುವುದು ಅದರ ತಿರುಗುಮುರುಗು.

ಒಂದೇ ತರಗತಿ ಮೂರನೇ ಪಿರಿಯಡ್‌ನಲ್ಲಿ ಕೆಲಸದಲ್ಲಿ ಮುಳುಗಿ, ನಾಲ್ಕನೆಯದರಲ್ಲಿ ಸಂತೆಯಾಗುವುದು ಎಲ್ಲ ಶಾಲೆಗಳಲ್ಲೂ ಇದ್ದದ್ದೇ. ಅದರ ಬಗ್ಗೆ ಸ್ಟಾಫ್ ಮೀಟಿಂಗಿನಲ್ಲಿ ಮಾತು ಬಂದರೆ ಅದು ಯಾರದೋ ಮೇಲಿನ ದೂರಾಗಿ ಮುಗಿಯುತ್ತದೆ. ಎಚ್‌ಎಂ (ಮುಖ್ಯ ಶಿಕ್ಷಕರು) ವೇಳಾಪಟ್ಟಿ ಹೊಂದಿಸಿ, ತಿಂಗಳಿಗೊಂದು ಪಿರಿಯಡ್ ಒಬ್ಬರು ಇನ್ನೊಬ್ಬರ ತರಗತಿಯಲ್ಲಿ ಹಿಂದೆ ಕೂರುವಂತೆ ಮಾಡಬಹುದು. ಕೂತವರು ಅಭಿಪ್ರಾಯ ಬರೆಯುವುದು ಬೇಡ, ಎರಡು ಸಂಖ್ಯೆ ಮಾತ್ರ ಸಾಕು: ಬೆಲ್ ಹೊಡೆದು ಎಷ್ಟು ನಿಮಿಷಕ್ಕೆ ಎಲ್ಲರ ಪೆನ್ನೂ ಓಡಿತು, ಪಿರಿಯಡ್ ಮುಗಿಯುವವರೆಗೂ ಒಂದು ಸಲವೂ ಬಾಯಿಬಿಡದ, ಒಂದಕ್ಷರವೂ ಬರೆಯದ ಮಕ್ಕಳು ಎಷ್ಟು. ಆ ಚೀಟಿ ಆ ಇಬ್ಬರ ನಡುವೆಯೇ ಉಳಿಯಬೇಕು, ಎಚ್‌ಎಂ ಮೇಜಿಗೆ ಹೋಗಬಾರದು.